ವಾಗ್ಗೇಯಕಾರರನ್ನು ಒಗಟಿನಲ್ಲಿ ಕಲಿಸಿದ್ದು

ರಾಯಚೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡುವ ಮಾತೇ ಇಲ್ಲ. ಶಾಲೆಗೆ ರಜೆ ಬಿದ್ದ ಕೂಡಲೇ ನನ್ನ ಸಂಗೀತ ಪಾಠಕ್ಕೆ ಬರುವವರ ಸಂಖ್ಯೆ ಏರುತ್ತದೆ. ಎಲ್ಲರೂ ಸಂಗೀತದ ಆಸೆಯಿಂದಲೇ ಬರುತ್ತಾರೆಂಬ ಭ್ರಮೆ ನನಗಿಲ್ಲ. ನೆರಳು, ಏರ್ ಕೂಲರ್, ಓರಗೆಯ ನಾಲ್ಕು ಮಂದಿ, ಹಲವರಿಗೆ ಬೇಕಾದದ್ದು ಅಷ್ಟೇ. ಅಂಥವರನ್ನು ಕೂರಿಸಿಕೊಂಡು ಎರಡು ಗಂಟೆ ಸ್ವರಾಭ್ಯಾಸದ ಮೊದಲ ಪಾಠವಾದ ಸರಳೆ ವರಸೆ ಹಾಡಿಸಿದರೆ ಮರುದಿನ ಅರ್ಧ ಮಂದಿ ಬರುವುದಿಲ್ಲ. ಹೀಗಾಗಿ ಮೊದಲ ಗಂಟೆ ಹಾಡು, ಎರಡನೆಯ ಗಂಟೆ ಆಟ ಎಂದು ಮಾಡಿಕೊಂಡೆ. ಆಟದ ವಸ್ತು, ಆ ಹಾಡುಗಳನ್ನು ಕಟ್ಟಿದ ವಾಗ್ಗೇಯಕಾರರು.

ಇಂಥ ಆಟ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಚಿತ್ರದ ತುಂಡುಗಳನ್ನು ಜೋಡಿಸುವುದು, ಹೆಸರಿಗೂ ಇಸವಿಗೂ ಗೆರೆ ಎಳೆಯುವುದು. ಇವುಗಳ ಮೇಲೆ ನನಗೆ ನಂಬಿಕೆ ಇಲ್ಲ. ಪುರಂದರದಾಸರನ್ನು ಕಂಡು ಚಿತ್ರ ಬರೆದವರು ಯಾರೂ ಇಲ್ಲ. ಕ್ಯಾಲೆಂಡರಿನ ದಾಸರಿಗೆಲ್ಲ ಒಂದೇ ತಂಬೂರಿ, ಒಂದೇ ಗೆಜ್ಜೆ; ಕೆಳಗಿನ ಹೆಸರು ಬದಲಿಸಿದರೆ ಪುರಂದರದಾಸರೇ ವಿಜಯದಾಸರಾಗುತ್ತಾರೆ. ಆ ಚಿತ್ರವನ್ನು ನೂರು ತುಂಡು ಮಾಡಿ ಜೋಡಿಸಿದ ಮಗುವಿಗೆ ಕಲಾವಿದನ ಬಣ್ಣಗಳ ಪರಿಚಯವಾಗುತ್ತದೆ, ದಾಸರ ಪರಿಚಯವಾಗುವುದಿಲ್ಲ. ಆದ್ದರಿಂದ ನನ್ನ ನಿಯಮ ಒಂದೇ: ಬಾಯಿ ತೆರೆಯದೆ, ಕಿವಿ ಕೊಡದೆ ಬಿಡಿಸಬಹುದಾದ ಒಗಟು ನಮ್ಮ ಮನೆಯಲ್ಲಿ ಆಟವಲ್ಲ.

ಈ ನಿಯಮ ಪಾಲಿಸುವುದು ಕಷ್ಟವೇನಲ್ಲ. ನಮ್ಮ ವಾಗ್ಗೇಯಕಾರರು ಒಗಟನ್ನು ತಾವೇ ಮಾಡಿಟ್ಟು ಹೋಗಿದ್ದಾರೆ. ಹಾಡಿನ ಕೊನೆಯ ಚರಣದಲ್ಲಿ ಅಂಕಿತವಿದೆ, ಅಂದರೆ ಕಟ್ಟಿದವರ ಗುರುತಿನ ಹೆಸರು. ಪುರಂದರ ವಿಠಲ ಎಂದರೆ ಯಾರು ಎಂದು ಮಗುವಿಗೂ ಗೊತ್ತು. ಹಯವದನ ಎಂದರೆ ವಾದಿರಾಜರು, ರಂಗವಿಠಲ ಎಂದರೆ ಶ್ರೀಪಾದರಾಜರು, ಗುರುಗುಹ ಎಂದರೆ ಮುತ್ತುಸ್ವಾಮಿ ದೀಕ್ಷಿತರು, ಶ್ಯಾಮಕೃಷ್ಣ ಎಂದರೆ ಶ್ಯಾಮಾಶಾಸ್ತ್ರಿಗಳು. ನಾನು ಹಾಡುತ್ತೇನೆ, ಅಂಕಿತ ಬರುವ ಜಾಗದಲ್ಲಿ ಮಾತು ನುಂಗಿ ಬರಿಯ ಸ್ವರವನ್ನಷ್ಟೇ ಗುನುಗುತ್ತೇನೆ. ಮಕ್ಕಳ ಮುಂದೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳಿರುತ್ತವೆ, ಒಂದೊಂದರ ಮೇಲೆ ಒಂದೊಂದು ಅಂಕಿತ. ಸರಿ ಎನಿಸಿದ ಚೀಟಿ ಎತ್ತಿದರೆ ಸಾಲದು, ಆ ಅಂಕಿತವನ್ನು ತಾಳಕ್ಕೆ ಕೂರಿಸಿ ಹಾಡಿ ತೋರಿಸಬೇಕು.

ಇಲ್ಲಿಂದ ಜಗಳ ಶುರುವಾಗುತ್ತದೆ, ನನಗೆ ಬೇಕಾದದ್ದೂ ಅದೇ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ದಾಸರ ಅಂಕಿತಗಳಲ್ಲಿ ವಿಠಲನಿಗೆ ಮೊದಲು ಬರುವ ಪದಗಳಿಗೆ ಲಘು ಗುರು ಹಾಕಿ ನೋಡಿದಳು. ಪುರಂದರ ಐದು ಮಾತ್ರೆ, ಗೋಪಾಲ ಐದು ಮಾತ್ರೆ, ಪ್ರಾಣೇಶ ಐದು ಮಾತ್ರೆ. ವಿಜಯ ಮೂರೇ, ಜಗನ್ನಾಥ ಆರು. ಅಂದರೆ ಮಾತ್ರೆಯ ಲೆಕ್ಕದಿಂದ ವಿಜಯದಾಸರನ್ನೂ ಜಗನ್ನಾಥದಾಸರನ್ನೂ ಬೇರೆ ಮಾಡಬಹುದು, ಉಳಿದ ಮೂವರು ಒಂದೇ ಅಳತೆಯವರು. ಹಾಡುವಾಗ ಎಳೆದೋ ಕುಗ್ಗಿಸಿಯೋ ಯಾವುದನ್ನಾದರೂ ಕೂರಿಸಬಹುದು ಎಂದು ಇನ್ನೊಬ್ಬ ವಾದಿಸಿ, ಹಾಡಿಯೂ ತೋರಿಸಿದ. ಹಾಗಾದರೆ ಬೇರೆ ಸಾಕ್ಷಿ ಬೇಕು: ಮಾತಿನ ಬಳಕೆ, ಹಾಡಿನ ವಿಷಯ. ‘ಆವ ರೋಗವೊ ಎನಗೆ ದೇವ ಧನ್ವಂತ್ರಿ’ ಹಾಡಿಗೆ ಮಕ್ಕಳು ಪುರಂದರ ವಿಠಲನನ್ನೇ ಹಾಕುತ್ತಾರೆ, ಚೆನ್ನಾಗಿಯೇ ಕೂರುತ್ತದೆ. ಅದು ಗೋಪಾಲದಾಸರದು, ಅವರ ಊರು ನಮ್ಮ ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಎಂದಾಗ ಮಕ್ಕಳ ಮುಖದ ಮೇಲೆ ಬರುವ ಅಪನಂಬಿಕೆ ನೋಡಬೇಕು. ದಾಸರೆಂದರೆ ಹಂಪಿಯವರೋ ಉಡುಪಿಯವರೋ ಇರಬೇಕೆಂಬುದು ಅವರ ಗಟ್ಟಿ ತಿಳಿವಳಿಕೆ. ತಿಂಗಳಿಗೊಮ್ಮೆ ಸೋದರತ್ತೆಯ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುವ ಹೆಸರು ಹಾಡಿನಲ್ಲಿ ಬರಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಅದಕ್ಕಾಗಿ ಜಿಲ್ಲೆಯ ನಕ್ಷೆಯ ಮೇಲೆ ಒಂದು ಸರಪಳಿ ಆಟ ಮಾಡಿದೆ. ಪ್ರತಿ ಚೀಟಿಯ ಬಲಕ್ಕೆ ಶಿಷ್ಯನ ಅಂಕಿತ, ಎಡಕ್ಕೆ ಗುರುವಿನ ಅಂಕಿತ. ಒಂದರ ಬಲಕ್ಕೂ ಇನ್ನೊಂದರ ಎಡಕ್ಕೂ ಹೊಂದಿಕೆಯಾಗಬೇಕು, ಆಮೇಲೆ ಚೀಟಿಯನ್ನು ಅವರವರ ಊರಿನ ಮೇಲೆ ಇಡಬೇಕು. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು; ಕನಸಿನಲ್ಲಿ ಪುರಂದರದಾಸರಿಂದಲೇ ಅಂಕಿತ ಪಡೆದರೆಂಬುದು ಪ್ರತೀತಿ. ಅವರ ಶಿಷ್ಯರು ಗೋಪಾಲದಾಸರು, ಗೋಪಾಲದಾಸರ ಕೃಪೆಗೆ ಪಾತ್ರರಾದವರು ಬ್ಯಾಗವಾಟದ ಜಗನ್ನಾಥದಾಸರು, ಅವರ ಶಿಷ್ಯರು ಲಿಂಗಸುಗೂರಿನ ಪ್ರಾಣೇಶದಾಸರು. ಎಲ್ಲರ ಅಂಕಿತದಲ್ಲೂ ವಿಠಲ ಇದ್ದಾನೆ, ಅದಕ್ಕೆ ಮೊದಲು ಬರುವ ಪದವಷ್ಟೇ ಬೇರೆ. ಶ್ರೀನಿವಾಸಾಚಾರ್ಯರೆಂಬ ಪಂಡಿತರು ವಿಜಯದಾಸರನ್ನು ಕಡೆಗಣಿಸಿ ಹೊಟ್ಟೆನೋವಿಗೆ ಸಿಕ್ಕಿ, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟು, ಕೊನೆಗೆ ಅವರೇ ಜಗನ್ನಾಥದಾಸರಾದ ಕಥೆಯನ್ನು ಸರಪಳಿ ಅಲ್ಲಿಗೆ ಬಂದಾಗ ಮಾತ್ರ ಹೇಳುತ್ತೇನೆ. ಮೊದಲೇ ಹೇಳಿದರೆ ಚೀಟಿ ಜೋಡಿಸುವ ಉಸಾಬರಿ ಯಾರಿಗೂ ಬೇಡವಾಗುತ್ತದೆ.

ಅಂಕಿತವನ್ನು ಕಣ್ಣು ಮುಚ್ಚಿ ನಂಬಿದರೆ ಏನಾಗುತ್ತದೆಂದೂ ತೋರಿಸಬೇಕು. ಗೋಪಾಲದಾಸ ಎಂಬ ಮುದ್ರೆ ಕಂಡರೆ ಮೊಸರಕಲ್ಲಿಗೆ ಓಡುವ ಹಾಗಿಲ್ಲ. ಅದು ತ್ಯಾಗರಾಜರ ಶಿಷ್ಯರಾದ ವೀಣಾ ಕುಪ್ಪಯ್ಯರ್ ಅವರದು. ‘ಜಗದೋದ್ಧಾರನ ಆಡಿಸಿದಳೆಶೋದೆ’ ಪುರಂದರದಾಸರದು. ‘ಕೃಷ್ಣಾ ನೀ ಬೇಗನೆ ಬಾರೊ’ ಹಾಡಿನ ಕೊನೆಗೂ ಜಗದೋದ್ಧಾರಕ ಬರುತ್ತಾನೆ, ಅದು ಉಡುಪಿ ಶ್ರೀಕೃಷ್ಣನ ಹೆಸರಿನಲ್ಲಿ ಮುಗಿಯುವ ವ್ಯಾಸರಾಯರ ಪದ. ಅವರ ಬೃಂದಾವನ ಇರುವುದು ಕೊಪ್ಪಳ ಜಿಲ್ಲೆಯ ಆನೆಗೊಂದಿಯ ನವಬೃಂದಾವನದಲ್ಲಿ. ಈ ಎರಡು ಹಾಡುಗಳನ್ನು ಬೆನ್ನಿಗೆ ಬೆನ್ನು ಹಾಡಿದರೆ ಚೀಟಿಗಳು ತಪ್ಪದೆ ಅದಲುಬದಲಾಗುತ್ತವೆ.

ಎಲ್ಲಕ್ಕಿಂತ ದೊಡ್ಡ ಬಲೆ ದೀಕ್ಷಿತರ ಆನಂದಭೈರವಿ ಕೃತಿ ‘ತ್ಯಾಗರಾಜ ಯೋಗ ವೈಭವಂ’. ಹೆಸರು ಕೇಳಿದೊಡನೆ ಎಲ್ಲ ಕೈಗಳೂ ತ್ಯಾಗರಾಜರ ಚೀಟಿಯ ಮೇಲೆ. ಆದರೆ ಅಲ್ಲಿರುವ ತ್ಯಾಗರಾಜ ತಿರುವಾರೂರಿನ ದೇವರು. ಸಂಗೀತದ ತ್ರಿಮೂರ್ತಿಗಳಾದ ತ್ಯಾಗರಾಜರು, ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಮೂವರೂ ಹುಟ್ಟಿದ ಊರು ಅದು, ದೇವರ ಹೆಸರೇ ಮಗು ತ್ಯಾಗರಾಜರಿಗೂ ಬಂದಿತ್ತು. ಈ ಕೃತಿಯನ್ನು ನಾನು ಇಡೀ ವಾರ ಆಡಿಸುತ್ತೇನೆ. ಉದ್ದದ ಪಟ್ಟಿಯ ಮೇಲೆ ‘ತ್ಯಾಗರಾಜಯೋಗವೈಭವಂ’ ಎಂದು ಬರೆದು, ಎಡಗಡೆಯಿಂದ ಮಡಚುತ್ತಾ ಹೋಗಿ, ಪ್ರತಿ ಮಡಿಕೆಗೂ ಅರ್ಥವಿರುವ ಮಾತು ಸಿಗಬೇಕು ಎನ್ನುತ್ತೇನೆ. ಮೊದಲ ಮಡಿಕೆಯಲ್ಲೇ ಮಕ್ಕಳು ಸಿಕ್ಕಿಕೊಳ್ಳುತ್ತಾರೆ. ‘ತ್ಯಾ’ ಮಡಚಿದರೆ ‘ಗರಾಜ’ ಉಳಿಯುತ್ತದೆ, ಅದಕ್ಕೆ ಅರ್ಥವಿಲ್ಲ. ತ್ಯಾ ಅಕ್ಷರದ ಒಳಗೆ ಒಂದು ಸ್ವರ ಅಡಗಿದೆ, ಅದನ್ನು ಹೊರಗೆ ತೆಗೆಯಿರಿ ಎಂದು ಸುಳಿವು ಕೊಡುತ್ತೇನೆ. ಆಗ ‘ಅಗರಾಜ’ ಬರುತ್ತದೆ, ಬೆಟ್ಟಗಳ ಒಡೆಯ. ಅಲ್ಲಿಂದ ಮುಂದೆ ಸಲೀಸು: ರಾಜಯೋಗವೈಭವಂ, ಯೋಗವೈಭವಂ, ವೈಭವಂ, ಭವಂ, ಕೊನೆಗೆ ಬರಿಯ ವಂ. ಹಸುವಿನ ಬಾಲದಂತೆ ಕಿರಿದಾಗುವ ಇದಕ್ಕೆ ಗೋಪುಚ್ಛ ಯತಿ ಎಂದು ಹೆಸರು. ಅದೇ ಕೃತಿಯ ಚರಣದಲ್ಲಿ ದೀಕ್ಷಿತರು ತಿರುಗಿ ನಡೆದಿದ್ದಾರೆ: ಶಂ, ಪ್ರಕಾಶಂ, ಸ್ವರೂಪ ಪ್ರಕಾಶಂ, ತತ್ತ್ವ ಸ್ವರೂಪ ಪ್ರಕಾಶಂ ಎಂದು ಮಾತು ಹೊಳೆಯ ಹಾಗೆ ಹಿಗ್ಗುತ್ತದೆ, ಅದು ಸ್ರೋತೋವಹ ಯತಿ. ಮಡಚಿದ ಪಟ್ಟಿಯನ್ನು ಬಿಚ್ಚುತ್ತಾ ಹಾಡಿದ ಮಕ್ಕಳಿಗೆ ದೀಕ್ಷಿತರು ಎಂಥ ಮನುಷ್ಯ ಎಂದು ನಾನು ಬೇರೆ ವಿವರಿಸಬೇಕಾಗಿಲ್ಲ. ಸಾಲಿನ ಒಂದೊಂದು ಅಕ್ಷರವನ್ನೂ ತೂಗಿ ಇಟ್ಟವರು ಅವರೆಂದು ಮಡಿಕೆ ಹಾಕಿದ ಬೆರಳುಗಳಿಗೇ ತಿಳಿದಿರುತ್ತದೆ.

ದೀಕ್ಷಿತರು ರಾಗದ ಹೆಸರನ್ನೂ ಸಾಹಿತ್ಯದಲ್ಲಿ ಅಡಗಿಸುತ್ತಾರೆ. ‘ವಾತಾಪಿ ಗಣಪತಿಂ’ ಕೊನೆಯಲ್ಲಿ ಗುರುಗುಹವೂ ಇದೆ, ಹಂಸಧ್ವನಿಯೂ ಇದೆ. ಚಿಕ್ಕವರಿಗೆ ಇದು ಕಣ್ಣಾಮುಚ್ಚಾಲೆಗೆ ಸಾಕು.

ದೊಡ್ಡ ಮಕ್ಕಳಿಗೆ ಅಚ್ಚುಮೆಚ್ಚು ನಂಬರ್ ಬೀಗ. ಸೈಕಲ್ಲಿಗೆ ಹಾಕುವ ನಾಲ್ಕಂಕಿಯ ಬೀಗವನ್ನು ಶೇಂಗಾ ಉಂಡೆಯ ಡಬ್ಬಿಗೆ ಸುತ್ತಿಡುತ್ತೇನೆ. ಉಳಿದ ರಾಗಗಳಿಗೆ ಮೂಲವೆನಿಸಿದ ಎಪ್ಪತ್ತೆರಡು ಮೇಳಕರ್ತ ರಾಗಗಳ ಸಂಖ್ಯೆ ಅವುಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಇದೆ, ಕಟಪಯಾದಿ ಸೂತ್ರದಲ್ಲಿ ಅದನ್ನು ಓದಬೇಕು. ಕ, ಟ, ಪ, ಯ ಈ ನಾಲ್ಕೂ ಒಂದು. ಅಲ್ಲಿಂದ ಎಣಿಸುತ್ತಾ ಹೋಗುವುದು, ಬಂದ ಅಂಕಿಗಳನ್ನು ತಿರುವಿ ಹಾಕುವುದು. ಬೀಗದ ಸುಳಿವು ಹೀಗಿರುತ್ತದೆ: ಪುರಂದರದಾಸರು ಸರಳೆ ವರಸೆಗೆ ಆರಿಸಿಕೊಂಡರೆಂದು ನಾವು ನಂಬುವ ರಾಗ, ಆಮೇಲೆ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಹಾಕಿದ ರಾಗ. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು, ತಿರುವಿದರೆ 15. ಧೀರಶಂಕರಾಭರಣದಲ್ಲಿ ಧ ಒಂಬತ್ತು, ರ ಎರಡು, ತಿರುವಿದರೆ 29. ಬೀಗ 1529ಕ್ಕೆ ತೆರೆಯುತ್ತದೆ. ಅದಕ್ಕೆ ಮೊದಲು ಎರಡೂ ರಾಗಗಳ ಆರೋಹಣ ಅವರೋಹಣ ಹಾಡಲೇಬೇಕು, ಉಂಡೆ ಪುಕ್ಕಟೆಯಲ್ಲ.

ಪುರಂದರದಾಸರಿಗೆ ಈ 15 ಗೊತ್ತಿತ್ತೇ ಎಂದು ಶಕ್ತಿನಗರದಿಂದ ಬರುವ ಹುಡುಗನೊಬ್ಬ ಕೇಳಿದ. ನಾನು ಕಾಯುತ್ತಿದ್ದ ಪ್ರಶ್ನೆ ಅದು. ಗೊತ್ತಿರಲಿಲ್ಲ. ಎಪ್ಪತ್ತೆರಡು ಮೇಳಗಳ ಯೋಜನೆ ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಮಾಡಿದ್ದು. ರಾಗದ ಹೆಸರು ಮೊದಲು ಮಾಳವಗೌಳ ಎಂದಷ್ಟೇ ಇತ್ತು, ಸಂಖ್ಯೆ ಹೊಂದಲೆಂದು ಮುಂದೆ ‘ಮಾಯಾ’ ಸೇರಿಸಿದರು. ಶಂಕರಾಭರಣಕ್ಕೆ ಧೀರ, ಕಲ್ಯಾಣಿಗೆ ಮೇಚ, ತೋಡಿಗೆ ಹನುಮ ಬಂದದ್ದೂ ಹಾಗೆಯೇ. ಇದನ್ನು ಕೇಳಿದ ಮೇಲೆ ಮಕ್ಕಳು ತಮ್ಮ ಹೆಸರುಗಳ ಮೊದಲಿಗೂ ಅಕ್ಷರ ಅಂಟಿಸಿ ಮೇಳದ ಸಂಖ್ಯೆ ಕಟ್ಟಿಕೊಂಡು ಓಡಾಡಿದರು; ಮೂರು ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಬಾಯಿ ತೆರೆಯಬೇಕೆಂಬ ನನ್ನ ನಿಯಮಕ್ಕೆ ಒಂದು ಹೊರತು ಇದೆ, ದಾರದ ಆಟ. ವರ್ಷಕ್ಕೊಂದು ಸೆಂಟಿಮೀಟರ್ ಲೆಕ್ಕದಲ್ಲಿ ಉಲ್ಲನ್ ದಾರ ಕತ್ತರಿಸಿ ಪಡಸಾಲೆಯ ಗೋಡೆಗೆ ಅಂಟಿಸುತ್ತೇವೆ. ಪುರಂದರದಾಸರು 1484ರಿಂದ 1564, ಜಗನ್ನಾಥದಾಸರು 1728ರಿಂದ 1809, ಶ್ಯಾಮಾಶಾಸ್ತ್ರಿಗಳು 1762ರಿಂದ 1827, ತ್ಯಾಗರಾಜರು 1767ರಿಂದ 1847, ದೀಕ್ಷಿತರು 1775ರಿಂದ 1835. ಪುರಂದರದಾಸರ ದಾರ ಮುಗಿದ ಮೇಲೆ ಒಂದೂವರೆ ಮೀಟರಿಗೂ ಹೆಚ್ಚು ಖಾಲಿ ಗೋಡೆ. ಈಚೆಯ ತುದಿಯಲ್ಲಿ ನಾಲ್ಕು ದಾರಗಳು ಒಂದರ ಕೆಳಗೊಂದು. ತಂಜಾವೂರಿನ ಸೀಮೆಯಲ್ಲಿ ತ್ಯಾಗರಾಜರು ಹಾಡುತ್ತಿದ್ದ ಕಾಲಕ್ಕೆ ನಮ್ಮ ಮಾನ್ವಿಯಲ್ಲಿ ಜಗನ್ನಾಥದಾಸರೂ ಇದ್ದರು ಎಂಬುದು ಗೋಡೆ ನೋಡುವವರೆಗೆ ನನ್ನ ಮನಸ್ಸಿಗೂ ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ.

ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ. ಒಂದು ಪದ್ಯದ ಆರು ಸಾಲುಗಳನ್ನು ಕತ್ತರಿಸಿ ಕಲಸಿ ಕೊಟ್ಟರೆ, ಮೂರು ನಾಲ್ಕರ ನಡೆಯಲ್ಲಿ ಚಪ್ಪಾಳೆ ಹಾಕುತ್ತಾ ಉದ್ದದ ಎರಡು ಸಾಲುಗಳು ಮೂರನೆಯವೂ ಆರನೆಯವೂ ಎಂದು ಕಂಡುಕೊಳ್ಳುತ್ತಾರೆ. ಶಾಲೆಯ ಕನ್ನಡ ಪರೀಕ್ಷೆಗೂ ಇದರಿಂದ ಲಾಭವಿದೆ ಎಂದು ಪಾಲಕರಿಗೆ ಹೇಳಿದ್ದೇನೆ. ಅವರ ಮುಖ ಅರಳಿದ್ದು ಅದೊಂದಕ್ಕೇ!

ನಮ್ಮ ಊರಿನ ಮಕ್ಕಳಿಗೆ ಇನ್ನೊಂದು ಅನುಕೂಲವಿದೆ. ಗಡಿಯ ಊರು, ಅರ್ಧ ಮನೆಗಳಲ್ಲಿ ತೆಲುಗು ಅರ್ಥವಾಗುತ್ತದೆ. ತ್ಯಾಗರಾಜರ ತೆಲುಗು ಹಾಡು ‘ಎಂದರೋ ಮಹಾನುಭಾವುಲು’ ಎಂದಾಗ ಬೆಂಗಳೂರಿನ ಮಗು ಪುಸ್ತಕ ನೋಡಬೇಕು, ಇಲ್ಲಿ ಗಂಜ್ ಮಾರುಕಟ್ಟೆಯ ಹತ್ತಿರದ ಹುಡುಗಿ ಕುಳಿತಲ್ಲೇ ಅರ್ಥ ಹೇಳಿ ಉಳಿದವರಿಗೆ ಒಗಟು ಮಾಡುತ್ತಾಳೆ. ಮನೆಯಲ್ಲಿ ಉರ್ದು ಆಡುವ ಇಬ್ಬರು ಹಿಂದೂಸ್ತಾನಿ ಖಯಾಲಿನಲ್ಲಿ ಬರುವ ‘ಸದಾರಂಗೀಲೆ’ಯನ್ನು ನನಗಿಂತ ಬೇಗ ಹಿಡಿದರು. ಸದಾರಂಗ ಎಂಬುದು ದೆಹಲಿಯ ಬಾದಶಹ ಮುಹಮ್ಮದ್ ಶಾಹನ ಆಸ್ಥಾನದ ನಿಯಾಮತ್ ಖಾನರ ಮುದ್ರೆ. ಬಂದಿಶಿನಲ್ಲಿ, ಅಂದರೆ ಆ ಹಾಡಿನ ಸಾಹಿತ್ಯದಲ್ಲಿ, ಬಾದಶಹನ ಹೆಸರೂ ಜೊತೆಗೆ ಬರುವುದರಿಂದ ಅಲ್ಲಿ ಯಾರು ಯಾರನ್ನು ಹೊಗಳುತ್ತಿದ್ದಾರೆಂದು ಬಿಡಿಸುವುದೇ ಒಂದು ಆಟ.

ಕೊನೆಯ ವಾರ ಕನಕದಾಸರಿಗೆ. ಅವರ ಮುಂಡಿಗೆಗಳು ಹೇಗೂ ಒಗಟುಗಳೇ. ‘ಮರವ ನುಂಗುವ ಪಕ್ಷಿ ಮನೆಯೊಳಗೆ ಬಂದಿದೆ’ ಎಂದು ಶುರುವಾಗಿ, ಅದಕ್ಕೆ ಒಂದೇ ಕೊಂಬು, ಒಡಲಲ್ಲಿ ಕರುಳಿಲ್ಲ ಎಂದು ಬೆಳೆಯುತ್ತದೆ. ಬೀಸುವ ಕಲ್ಲು ಎಂಬುದು ರೂಢಿಯ ಉತ್ತರ. ಮಿಕ್ಸರ್ ಎಂದು ಕೂಗಿದವರೂ ಇದ್ದಾರೆ, ಅವರನ್ನು ಪಕ್ಕದ ಮನೆಯ ಅಜ್ಜಿಯ ಹಿತ್ತಿಲಿಗೆ ಕರೆದೊಯ್ದು ಗೂಟ ಹಿಡಿಸಿ ಜೋಳ ಬೀಸಿಸಿದೆ. ಆಮೇಲೆ ಪ್ರತಿಯೊಬ್ಬರೂ ಒಂದು ಮುಂಡಿಗೆ ಕಟ್ಟಿ, ಕಲಿತ ರಾಗದಲ್ಲಿ ಹಾಡಿ, ಕೊನೆಗೆ ಅಂಕಿತ ಹಾಕಬೇಕು. ಅಂಕಿತವನ್ನು ತಾವೇ ಇಟ್ಟುಕೊಳ್ಳುವಂತಿಲ್ಲ. ದಾಸರಿಗೆ ಗುರುಗಳು ಕೊಡುತ್ತಿದ್ದಂತೆ ಇಲ್ಲಿ ಗೆಳೆಯರು ಕೊಡಬೇಕು. ಸದಾ ತಡವಾಗಿ ಬರುವವನಿಗೆ ‘ವಿಳಂಬ ವಿಠಲ’ ಸಿಕ್ಕಿತು. ಅವನು ಮಲಹರಿಯಲ್ಲಿ ಕಟ್ಟಿದ ಏರ್ ಕೂಲರಿನ ಮುಂಡಿಗೆ ಚೆನ್ನಾಗಿತ್ತು.

ಮಾಡಿ ನೋಡುವವರಿಗೆ ಇಷ್ಟು ಹೇಳಬಲ್ಲೆ. ಏಳು ವರ್ಷದ ಒಳಗಿನವರಿಗೆ ಕಟಪಯಾದಿ ಬೇಡ, ಮಡಚುವ ಪಟ್ಟಿಯೂ ಅಂಕಿತದ ಚೀಟಿಯೂ ಸಾಕು. ಗುಂಪಿನಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಇದ್ದರೆ ಜೋರು ದನಿಯವನೇ ಎಲ್ಲ ಉತ್ತರ ಹೇಳುತ್ತಾನೆ. ಮೊಬೈಲಿನಲ್ಲಿ ಹುಡುಕಲು ಬಿಡಬೇಡಿ. ಅಂತರ್ಜಾಲದಲ್ಲಿ ಒಂದೇ ಪದ ಇಬ್ಬರು ದಾಸರ ಹೆಸರಿನಲ್ಲಿ ಸಿಗುತ್ತದೆ. ಅಂಥವು ಸಿಕ್ಕರೆ ನಾವು ಬೇರೆ ಡಬ್ಬಿಗೆ ಹಾಕಿಡುತ್ತೇವೆ, ಹಾಡು ಬಲ್ಲ ಹಿರಿಯರು ಮನೆಗೆ ಬಂದಾಗ ಕೇಳುವುದಕ್ಕೆ.