ದಾವಣಗೆರೆಯಿಂದ ದುಬೈ: ಪ್ರಯಾಣದ ಹೊತ್ತಿನ ಲೆಕ್ಕ ಹಾಕುವುದು ಹೇಗೆ?

ಮಗ ದುಬೈನಲ್ಲಿದ್ದಾನೆ, ಹೋಗಿ ನೋಡಿಕೊಂಡು ಬರ್ತೀವಿ ಅನ್ನುವವರು ನಮ್ಮೂರಲ್ಲಿ ಈಗ ಬಹಳ ಮಂದಿ. ಅವರಲ್ಲಿ ಅರ್ಧದಷ್ಟು ಜನ ಟಿಕೆಟ್ ಹಿಡಿದು 'ಎರಡೂವರೆ ತಾಸಿಗೆ ಮುಟ್ಟಿಸ್ತಾನಂತೆ' ಅನ್ನುತ್ತಾರೆ. ಯಾವ ವಿಮಾನವೂ ಅಷ್ಟು ಬೇಗ ಮುಟ್ಟಿಸುವುದಿಲ್ಲ.

ಮೊದಲು ದೂರ. ದಾವಣಗೆರೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಆದರೂ ಎರಡು ಊರಿನ ಹೆಸರು ಹಾಕಿದರೆ ಸಾಕು, ಇಲ್ಲಿಂದಲೇ ಹಾರುವ ಹಾಗೆ ಗಂಟೆ, ನಿಮಿಷ ಹೇಳುವ ವೆಬ್‌ಸೈಟುಗಳಿವೆ. ಅವನ್ನು ಮುಚ್ಚಿಬಿಡಿ. ಬೆಂಗಳೂರಿನಿಂದ ದುಬೈಗೆ ಆಕಾಶದಲ್ಲಿ ಸುಮಾರು 2,700 ಕಿ.ಮೀ. ಅದನ್ನು 800ರಿಂದ ಭಾಗಿಸಿ, ಏರುವುದಕ್ಕೆ, ಇಳಿಯುವುದಕ್ಕೆ ಅಂತ ಅರ್ಧ ತಾಸು ಸೇರಿಸಿ. ಹತ್ತಿರ ಹತ್ತಿರ 4 ತಾಸು. ಸಿಂಗಪುರ ಸುಮಾರು 3,200 ಕಿ.ಮೀ.; ಅದಕ್ಕೆ ನಾಲ್ಕೂವರೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಬೆಳಿಗ್ಗೆ 10ಕ್ಕೆ ಬೆಂಗಳೂರು ಬಿಟ್ಟು 12.30ಕ್ಕೆ ದುಬೈ ಅಂತಿದ್ದರೆ, ಇಳಿಯುವಾಗ ನಮ್ಮಲ್ಲಿ ಮಧ್ಯಾಹ್ನ 2 ಗಂಟೆ. ಅಲ್ಲಿಗೆ ನಾಲ್ಕು ತಾಸಾಯಿತಲ್ಲ? ಸಿಂಗಪುರದ್ದು ಉಲ್ಟಾ, ನಮಗಿಂತ ಎರಡೂವರೆ ತಾಸು ಮುಂದೆ. ರಾತ್ರಿ 11ಕ್ಕೆ ಹೊರಟರೆ ಬೆಳಿಗ್ಗೆ 6 ಅಂತ ಕಾಣುತ್ತದೆ, ಕೂತಿದ್ದು ಏಳು ತಾಸಲ್ಲ, ನಾಲ್ಕೂವರೆಯೇ. ಬಾಯಲ್ಲೇ ಲೆಕ್ಕ ಹಾಕಬೇಡಿ. ಎರಡೂ ಹೊತ್ತನ್ನು ನಮ್ಮ ಸಮಯಕ್ಕೆ ತಂದು ಟಿಕೆಟ್ ಪ್ರಿಂಟ್‌ನ ಮೇಲೆ ಪೆನ್ನಿನಲ್ಲಿ ಬರೆಯಿರಿ. ಮಾತ್ರೆ ನುಂಗುವ ಸಕ್ಕರೆ ಕಾಯಿಲೆಯವರಿಗಂತೂ ಈ ಚೀಟಿ ಬೇಕೇ ಬೇಕು. ಮೊಬೈಲ್ ತಾನಾಗಿಯೇ ಸಮಯ ಬದಲಿಸಿಕೊಳ್ಳುತ್ತದೆ, ಹೊಟ್ಟೆ ಬದಲಿಸಿಕೊಳ್ಳುವುದಿಲ್ಲ.

ಬರುವಾಗ ಸ್ವಲ್ಪ ಬೇಗ ಬಂದರೆ ಆಶ್ಚರ್ಯ ಬೇಡ. ಮೇಲೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ದುಬೈನಿಂದ ಬರುವ ವಿಮಾನಕ್ಕೆ ಹಿಂದಿನಿಂದ ತಳ್ಳಿದಂತಾಗುತ್ತದೆ.

ಇನ್ನು ರಸ್ತೆ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿಕೊಳ್ಳಿ. ಬೆಂಗಳೂರಿನೊಳಗೆ ನುಗ್ಗಲೇಬೇಡಿ, ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಯಾವ ಲೆಕ್ಕವೂ ನಡೆಯದು. ಕಾರಿಗೆ ಐದು ತಾಸು, ಚಹಾ-ಪಂಕ್ಚರ್‌ಗೆ ಒಂದು, ವಿಮಾನಕ್ಕೆ ಮೂರು ತಾಸು ಮುಂಚೆ ಹಾಜರಿ. ಅಂದರೆ ಬೆಳಿಗ್ಗೆ 10ರ ವಿಮಾನಕ್ಕೆ ರಾತ್ರಿ 1ಕ್ಕೇ ಮನೆ ಬಿಡಬೇಕು. ಅದಕ್ಕಿಂತ ಹಿಂದಿನ ಸಂಜೆಯೇ ಹೋಗಿ ದೇವನಹಳ್ಳಿ ಕಡೆ ಉಳಿಯುವುದು ವಾಸಿ. ನಿದ್ದೆಗಣ್ಣಿನ ಡ್ರೈವರ್‌ನನ್ನು ನಾನಂತೂ ನಂಬುವುದಿಲ್ಲ. ವಿದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ.

ಕೊನೆಗೆ ತಾರೀಖು. ವಾಪಸ್ ವಿಮಾನ 14ರ ರಾತ್ರಿ 10ಕ್ಕೆ ದುಬೈ ಬಿಟ್ಟರೆ ಬೆಂಗಳೂರಲ್ಲಿ ಇಳಿಯುವುದು 15ರ ಬೆಳಗಿನ ಜಾವ ಮೂರು ಗಂಟೆ ದಾಟಿದ ಮೇಲೆ. ಕರೆದುಕೊಂಡು ಬರಲು ಹೋಗುವ ಡ್ರೈವರ್‌ಗೆ ಬರೀ '15ನೇ ತಾರೀಖು' ಅಂದರೆ ಅವನು ಅವತ್ತು ಬೆಳಿಗ್ಗೆ ತಿಂಡಿ ತಿಂದು ಹೊರಡುತ್ತಾನೆ. '14ರ ರಾತ್ರಿ ಊಟ ಮುಗಿಸಿ ಗಾಡಿ ತೆಗಿಯಪ್ಪ' ಅನ್ನಿ.