ಅಡ್ವಾನ್ಸ್ ವಾರ್ಸ್: ಮುಂದೆ ಸಾವಿರದ ಕಾಲಾಳು, ಹಿಂದೆ ಆರು ಸಾವಿರದ ಫಿರಂಗಿ

2001ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ, ಸರದಿಯಂತೆ ಆಡುವ ಯುದ್ಧದ ಆಟ ಅಡ್ವಾನ್ಸ್ ವಾರ್ಸ್ ಆಡುವಾಗ ನಾನು ಸೈನ್ಯ ಎಣಿಸುವುದಿಲ್ಲ, ದುಡ್ಡು ಎಣಿಸುತ್ತೇನೆ. ಕಾಲಾಳಿಗೆ 1000, ಬಝೂಕಾ ಹೊತ್ತ ಮೆಕ್‌ಗೆ 3000, ಬೇಹಿನ ಬಂಡಿ ರೆಕಾನ್‌ಗೆ 4000, ಕಾಲಾಳನ್ನು ಹೊತ್ತೊಯ್ಯುವ ಬಂಡಿ ಎಪಿಸಿಗೆ 5000, ಫಿರಂಗಿಗೆ 6000, ಟ್ಯಾಂಕಿಗೆ 7000, ವಿಮಾನ ಹೊಡೆಯುವ ಬಂಡಿ ಆಂಟಿ-ಏರ್‌ಗೆ 8000, ಮೀಡಿಯಂ ಟ್ಯಾಂಕಿಗೆ 16000. ಎಲ್ಲರಿಗೂ 10 ಎಚ್‌ಪಿ (ಜೀವದ ಅಂಕ). ಅಂದರೆ ಟ್ಯಾಂಕಿನ ಒಂದು ಎಚ್‌ಪಿ ಹೋದರೆ 700 ಹೋಯಿತು, ಕಾಲಾಳಿನ ಒಂದು ಎಚ್‌ಪಿ ಹೋದರೆ 100. ಈ ಲೆಕ್ಕ ತಲೆಗೆ ಹತ್ತಿದ ಮೇಲೆ ಯಾರನ್ನು ಮುಂದೆ ನಿಲ್ಲಿಸಬೇಕು ಅನ್ನುವ ಗೊಂದಲ ಮುಕ್ಕಾಲು ಪಾಲು ತೀರುತ್ತದೆ. ಕೆಳಗಿನ ಅಂಕಿಗಳಿಗೆ ಎರಡೂ ಕಡೆ ಆಂಡಿಯೇ ಸೇನಾಪತಿ ಎಂದುಕೊಳ್ಳಿ. ಅವನ ಪಡೆಗೆ ಹೆಚ್ಚುವರಿ ಬಲವೂ ಇಲ್ಲ, ಕೊರತೆಯೂ ಇಲ್ಲ.

ಮೊದಲ ಮೂರು ನಾಲ್ಕು ದಿನ (ಎರಡೂ ಕಡೆಯ ಒಂದೊಂದು ಸರದಿ ಸೇರಿ ಒಂದು ದಿನ) ನನ್ನ ಕಾರ್ಖಾನೆಗಳಿಂದ ಬರೀ ಕಾಲಾಳುಗಳು ಹೊರಡುತ್ತಾರೆ. ಕೈವಶವಾದ ಪ್ರತಿ ಊರು, ಕಾರ್ಖಾನೆ, ವಿಮಾನ ನಿಲ್ದಾಣ ದಿನಕ್ಕೆ 1000 ಕೊಡುತ್ತದೆ. ಎರಡು ಮೂರು ಮನೆ (ನಕ್ಷೆಯ ಚೌಕ) ದೂರದ ಊರಾದರೆ ಒಂದನೇ ದಿನ ಕೊಂಡ ಕಾಲಾಳು ಎರಡನೇ ದಿನ ಹೋಗಿ ಹಿಡಿಯಲು ಶುರು ಮಾಡಿ ಮೂರನೇ ದಿನ ಮುಗಿಸುತ್ತಾನೆ, ನಾಲ್ಕನೇ ದಿನ ಬೆಳಿಗ್ಗೆ ತನ್ನ ಬೆಲೆ ತೀರಿಸಿರುತ್ತಾನೆ. ಆಮೇಲೆ ಬರುವುದೆಲ್ಲ ಲಾಭವೇ. ಹತ್ತಿರದಲ್ಲಿ ಯಾರದೂ ಅಲ್ಲದ ಕಾರ್ಖಾನೆ ಇದ್ದರೆ ಊರು ಬಿಟ್ಟು ಅದಕ್ಕೇ ಮೊದಲು ಕೈ ಹಾಕುತ್ತೇನೆ. ವಿಮಾನ ನಿಲ್ದಾಣ ಕಾಯಬಹುದು.

ಹಿಡಿಯುವುದಕ್ಕೂ ಒಂದು ಲೆಕ್ಕವಿದೆ. ಪ್ರತಿ ಊರಿಗೆ 20 ಅಂಕ. ಕಾಲಾಳು ದಿನಕ್ಕೆ ತನ್ನ ಎಚ್‌ಪಿಯಷ್ಟು ಅಂಕ ಇಳಿಸುತ್ತಾನೆ. 10 ಇದ್ದರೆ ಎರಡು ದಿನ, 9 ಇದ್ದರೆ ಮೂರು, 6ಕ್ಕೆ ಇಳಿದಿದ್ದರೆ ನಾಲ್ಕು. ಹಾಗಾಗಿ ಎದುರಾಳಿಯ ಕಾಲಾಳು ನನ್ನ ಊರಿನ ಮೇಲೆ ಬಂದು ನಿಂತರೆ ಕೊಲ್ಲಲೇಬೇಕೆಂದಿಲ್ಲ, ಅವನು ಹಿಡಿಯಲು ಶುರು ಮಾಡುವ ಮೊದಲೇ ಒಂದು ಎಚ್‌ಪಿ ಕಿತ್ತರೂ ಒಂದು ದಿನ ಉಳಿಯಿತು. ಅರ್ಧಕ್ಕೆ ಬಿಟ್ಟು ಸರಿದರೆ ಅಥವಾ ಸತ್ತರೆ ಅಂಕ ಮತ್ತೆ 20ಕ್ಕೆ ಹೋಗುತ್ತದೆ. ಇನ್ನೊಂದು ತಪ್ಪು ಎಲ್ಲರೂ ಮಾಡುತ್ತಾರೆ: ಸ್ವಂತ ಕಾರ್ಖಾನೆಯ ಮೇಲೆ ಯಾರನ್ನಾದರೂ ನಿಲ್ಲಿಸಿಬಿಡುವುದು. ಆ ದಿನ ಅಲ್ಲಿ ಏನೂ ತಯಾರಾಗುವುದಿಲ್ಲ.

ದೊಡ್ಡ ನಕ್ಷೆಯಲ್ಲಿ ಮಾತ್ರ ಎರಡನೇ ಮೂರನೇ ದಿನಕ್ಕೆ ಒಂದು ಎಪಿಸಿ ಕೊಳ್ಳುತ್ತೇನೆ. ಕಾಲಾಳು 3 ಮನೆ ನಡೆದು ಹತ್ತುತ್ತಾನೆ, ಬಂಡಿ 6 ಮನೆ ಓಡುತ್ತದೆ, ಪಕ್ಕದ ಮನೆಗೆ ಇಳಿಸುತ್ತದೆ. ಒಂದೇ ದಿನದಲ್ಲಿ 10 ಮನೆ. ಇಳಿದವನು ಅವತ್ತು ಬೇರೇನೂ ಮಾಡಲಾರ ಅನ್ನುವುದು ನೆನಪಿರಲಿ.

ಇನ್ನು ಹೊಡೆದಾಟ. ಈ ಆಟದಲ್ಲಿ ಮೊದಲು ಹೊಡೆದವನದೇ ಮೇಲುಗೈ, ಏಕೆಂದರೆ ತಿರುಗೇಟು ಬರುವುದು ಪೆಟ್ಟು ತಿಂದು ಉಳಿದ ಎಚ್‌ಪಿಯಿಂದ. ಟ್ಯಾಂಕ್ ಟ್ಯಾಂಕಿಗೆ ಹೊಡೆದರೆ ಮೂಲ ಪೆಟ್ಟು ಶೇ 55. ಬಯಲಿನಲ್ಲಿ ಒಂದು ನಕ್ಷತ್ರದ ರಕ್ಷಣೆ ಇದೆ, ಒಂದು ನಕ್ಷತ್ರಕ್ಕೆ ಸುಮಾರು ಶೇ 10 ಕಳೆದು 49 ಆಗುತ್ತದೆ. ಮೂಲ ಪೆಟ್ಟಿಗೆ ಅದೃಷ್ಟದ ಪಾಲು 0ರಿಂದ 9ರವರೆಗೆ ಸೇರುತ್ತದೆ, ನಕ್ಷತ್ರದ ಕಡಿತ ಅದಕ್ಕೂ ತಗಲುತ್ತದೆ; ಪರದೆಯಲ್ಲಿ ಕಾಣುವ ಶೇಕಡಾದಲ್ಲಿ ಅದು ಸೇರಿಲ್ಲ. ಎದುರಾಳಿಗೆ ಉಳಿಯುವುದು ಐದೋ ಆರೋ ಎಚ್‌ಪಿ, ಅವನ ತಿರುಗೇಟು, ಅದೃಷ್ಟ ಬಿಟ್ಟು, ಮೂವತ್ತರ ಒಳಗೆ. ಹಾಗಾದರೆ ನನ್ನ ಕೆಲಸ ಒಂದೇ: ಅವನು ನನ್ನ ಹೊಡೆತದ ಅಳತೆಗೆ ಬರಬೇಕು, ಬಂದ ದಿನ ಅಗ್ಗದ ಮಾಲಿಗೆ ಮಾತ್ರ ಹೊಡೆಯಬೇಕು.

ಅದಕ್ಕೇ ಗಾಳ. ಎದುರಿಗೆ ಒಂದು ಟ್ಯಾಂಕ್ ಇದೆ. ನಾನು ಕಾಡಿನ ಮನೆಯಲ್ಲಿ ಒಬ್ಬ ಕಾಲಾಳನ್ನು ನಿಲ್ಲಿಸಿ, ಅವನ ಬೆನ್ನಿಗೇ ಫಿರಂಗಿ ಇಟ್ಟು, ನನ್ನ ಟ್ಯಾಂಕನ್ನು ಎದುರಾಳಿ ಟ್ಯಾಂಕಿನ ಅಳತೆಯಿಂದ ಆಚೆ ಹಿಂದಕ್ಕೆ ನಿಲ್ಲಿಸುತ್ತೇನೆ. ಟ್ಯಾಂಕಿನ ಅಳತೆ ಬಯಲಿನಲ್ಲಿ 7 ಮನೆ: 6 ಓಡಿ ಪಕ್ಕದ ಮನೆಗೆ ಹೊಡೆಯುತ್ತದೆ. ಟ್ಯಾಂಕಿನಿಂದ ಕಾಲಾಳಿಗೆ ಮೂಲ ಪೆಟ್ಟು 75, ಕಾಡಿನ ಎರಡು ನಕ್ಷತ್ರ ಕಳೆದರೆ 60. ಅದೃಷ್ಟ ಪೂರ್ತಿ ಅವನ ಕಡೆಗಿದ್ದರೂ 67. ಎರಡರಲ್ಲಿ ಯಾವುದಾದರೂ ಕಾಲಾಳಿಗೆ ಪರದೆಯ ಮೇಲೆ 4 ಎಚ್‌ಪಿ ಉಳಿಯುತ್ತದೆ. ನನಗಾದ ನಷ್ಟ 600.

ಈಗ ನನ್ನ ಸರದಿ. ಮೊದಲು ಫಿರಂಗಿ: ಟ್ಯಾಂಕಿಗೆ ಮೂಲ ಪೆಟ್ಟು 70, ಬಯಲಿನಲ್ಲಿ 63. ದೂರದಿಂದ ಹೊಡೆದದ್ದಕ್ಕೆ ತಿರುಗೇಟು ಇಲ್ಲ. ಆಮೇಲೆ ನನ್ನ ಟ್ಯಾಂಕ್ ಬಂದು ಉಳಿದ ಮೂವತ್ತು ಚಿಲ್ಲರೆಯನ್ನು ಮುಗಿಸುತ್ತದೆ. ಅವನ 7000 ಹೋಯಿತು. ಇದೇ ಎರಡು ಹೊಡೆತವನ್ನು ತಿರುಗಾಮುರುಗಾ ಮಾಡಿ ನೋಡಿ: ಟ್ಯಾಂಕ್ ಮೊದಲು ಹೊಡೆದರೂ ಕೊನೆಗೆ ಅವನು ಸಾಯುತ್ತಾನೆ, ಆದರೆ ಮಧ್ಯೆ ತಿರುಗೇಟಿಗೆ ನನ್ನ ಟ್ಯಾಂಕಿನ ಎರಡು ಮೂರು ಎಚ್‌ಪಿ ಹೋಗಿರುತ್ತದೆ. ಎರಡು ಸಾವಿರದ ಆಸುಪಾಸು, ಸುಮ್ಮನೆ. ದೂರದವರು ಮೊದಲು, ಹತ್ತಿರದವರು ಆಮೇಲೆ. ನನ್ನ ಸರದಿ ಪ್ರತಿ ದಿನ ಈ ಕ್ರಮದಲ್ಲೇ ನಡೆಯುತ್ತದೆ.

ಫಿರಂಗಿಯ ಕಷ್ಟ ಏನೆಂದರೆ ಚಲಿಸಿದ ದಿನ ಅದು ಹೊಡೆಯುವುದಿಲ್ಲ, ಪಕ್ಕದ ಮನೆಗಂತೂ ಹೊಡೆಯಲಾರದು. ಅಳತೆ 2ರಿಂದ 3 ಮನೆ. ಟ್ಯಾಂಕ್ ಏಳು ಮನೆ ಆಚೆಯಿಂದ ಬಂದು 70 ಕಿತ್ತುಕೊಂಡು ಹೋಗುತ್ತದೆ. ಆದ್ದರಿಂದ ಮುಂದೆ ಗೋಡೆ ಬೇಕು. ಓಡಾಟ ನೇರ ಮನೆಗಳಲ್ಲಷ್ಟೇ, ಕರ್ಣಕ್ಕೆ ದಾರಿಯಿಲ್ಲ. ಎದುರಾಳಿ ನಿಂತ ಮನೆಯ ಮೇಲೆ ಹಾದುಹೋಗಲೂ ಆಗದು. ಮೂರು ಮನೆ ಅಗಲದ ಕಣಿವೆಗೆ ಮೂವರು ಸಾಕು. ಅವರನ್ನು ಓರೆಯಾಗಿ ನಿಲ್ಲಿಸಿದರೂ ದಾರಿ ಮುಚ್ಚುತ್ತದೆ, ಆದರೆ ಓರೆ ಸಾಲಿನಲ್ಲಿ ತೀರಾ ಹಿಂದಿನವನನ್ನು ಬಿಟ್ಟು ಉಳಿದವರ ಮೇಲೆ ಎರಡು ಕಡೆಯಿಂದ ಬೀಳಬಹುದು. ನೇರ ಸಾಲಿನಲ್ಲಿ ಒಂದೇ ಕಡೆಯಿಂದ. ಹಾಗಾಗಿ ನೇರ ಸಾಲು. ಗೋಡೆಯ ಬೆನ್ನಿಗೆ ಅಂಟಿಸಿದ ಫಿರಂಗಿಗೆ ಗೋಡೆಯ ಮುಂದಿನ ಮನೆ ಸರಿಯಾಗಿ 2ನೇದು. 15000ದ ರಾಕೆಟ್ ಬಂಡಿಗೆ ಅಳತೆ 3ರಿಂದ 5, ಅದನ್ನು ಗೋಡೆಯಿಂದ ಕನಿಷ್ಠ ಎರಡು ಮನೆ ಹಿಂದೆ ಇಡಬೇಕು. ರಾಕೆಟ್‌ಗೆ ಟೈರು ಚಕ್ರ, ಬಯಲಿನಲ್ಲಿ ಒಂದು ಮನೆಗೆ 2, ಕಾಡಿನಲ್ಲಿ 3 ನಡೆ ತಿನ್ನುತ್ತದೆ. ರಸ್ತೆ ಇಲ್ಲದ ನಕ್ಷೆಯಲ್ಲಿ ಅದನ್ನು ಕೊಂಡವರು ಅದು ಮುಂಚೂಣಿ ಮುಟ್ಟುವುದನ್ನು ಕಾಯುತ್ತಾ ಕೂರುತ್ತಾರೆ.

ನೆಲದ ವಿಷಯ ಚುಟುಕಾಗಿ: ರಸ್ತೆ, ಸೇತುವೆ, ನದಿಗೆ ನಕ್ಷತ್ರ ಇಲ್ಲ, ಬಯಲಿಗೆ 1, ಕಾಡಿಗೆ 2, ಊರಿಗೆ 3, ಬೆಟ್ಟಕ್ಕೂ ಮುಖ್ಯ ಠಾಣೆಗೂ 4. ರಸ್ತೆಯಲ್ಲಿ ನಿಂತ ಕಾಲಾಳಿಗೆ ಟ್ಯಾಂಕ್ 75 ಹೊಡೆದರೆ ಬೆಟ್ಟದ ಮೇಲಿನವನಿಗೆ 45. ಬೆಟ್ಟ, ನದಿಗಳಿಗೆ ಬಂಡಿಗಳು ಬರುವುದೇ ಇಲ್ಲ, ಕಾಲಾಳು ಮತ್ತು ಮೆಕ್ ಮಾತ್ರ.

ಸರದಿ ಮುಗಿಸುವ ಮೊದಲು ಎದುರಾಳಿಯ ಪ್ರತಿ ಬಂಡಿಯ ಮೇಲೂ ಬಿ ಗುಂಡಿ ಒತ್ತಿ ಹಿಡಿಯುತ್ತೇನೆ. ಅದರ ಹೊಡೆತದ ಅಳತೆ ಕೆಂಪಾಗಿ ಕಾಣುತ್ತದೆ. ಪರದೆಯಲ್ಲಿ ಒಮ್ಮೆಗೆ ಕಾಣುವುದು ಅಡ್ಡಕ್ಕೆ 15, ಉದ್ದಕ್ಕೆ 10 ಮನೆ ಅಷ್ಟೆ. ಮೂಲೆಯಾಚೆ ನಿಂತ ಬಾಂಬರ್ ಮರೆತುಹೋಗುವುದು ಹೀಗೆಯೇ.

ಮಂಜು ಕವಿದ ನಕ್ಷೆಯಲ್ಲಿ ಕ್ರಮ ಬದಲಾಗುತ್ತದೆ. ಮೊದಲು ನೋಡುವವರು ನಡೆಯಬೇಕು: ರೆಕಾನ್‌ಗೆ 5 ಮನೆ ಕಾಣುತ್ತದೆ, ಕಾಲಾಳಿಗೆ 2, ಬೆಟ್ಟ ಹತ್ತಿದರೆ 5. ಕಾಡಿನಲ್ಲಿ ಅಡಗಿದವನು ಪಕ್ಕದ ಮನೆಯಿಂದ ಮಾತ್ರ ಕಾಣುತ್ತಾನೆ. ಕಾಣದವನಿಗೆ ಡಿಕ್ಕಿ ಹೊಡೆದ ಬಂಡಿ ಅಲ್ಲೇ ನಿಂತು ಆ ದಿನದ ಸರದಿ ಕಳೆದುಕೊಳ್ಳುತ್ತದೆ. ಆದ್ದರಿಂದ ಟ್ಯಾಂಕು ಕೊನೆಗೆ, ಸಾಧ್ಯವಾದರೆ ಆಗಲೇ ಇನ್ನೊಬ್ಬ ನಡೆದ ದಾರಿಯಲ್ಲೇ.

ಆಕಾಶಕ್ಕೆ ಹೋದರೆ, 9000ದ ಯುದ್ಧ ಹೆಲಿಕಾಪ್ಟರ್ ಟ್ಯಾಂಕಿಗೆ 55 ಹೊಡೆಯುತ್ತದೆ, ಟ್ಯಾಂಕಿನ ಮೆಷಿನ್ ಗನ್ ಅದಕ್ಕೆ ಹೊಡೆಯುವುದು ಬರೀ 10. ಆದರೆ ಒಂದು ಆಂಟಿ-ಏರ್ ಎದುರಾದರೆ 120, ಒಂದೇ ಏಟು. ಆ ಆಂಟಿ-ಏರ್‌ಗೆ ಟ್ಯಾಂಕ್ 65 ಹೊಡೆಯುತ್ತದೆ, ಅದು ಟ್ಯಾಂಕಿಗೆ ಕೊಡುವುದು 25. ಈ ಮೂರರ ಸುತ್ತು ತಿಳಿದವರು ಎದುರಾಳಿ ಏನು ಕೊಂಡ ಅಂತ ನೋಡಿಯೇ ಖರೀದಿ ಮಾಡುತ್ತಾರೆ. ಇಂಧನ ಮರೆಯಬೇಡಿ: ಬಾಂಬರ್ ನಿಂತಲ್ಲೇ ದಿನಕ್ಕೆ 5 ಕುಡಿಯುತ್ತದೆ, ಓಡಿದ ಮನೆಗೆ ಒಂದೊಂದು. ದಿನಾ 7 ಮನೆ ಓಡಿಸಿದರೆ 12, ಟ್ಯಾಂಕಿಯಲ್ಲಿರುವುದು 99. ವಾರ ಕಳೆದ ಮೇಲೆ ನಿಲ್ದಾಣಕ್ಕೋ ಎಪಿಸಿ ಪಕ್ಕಕ್ಕೋ ಬರದಿದ್ದರೆ 22000 ನೆಲ ಕಚ್ಚಿತು.

ರಿಪೇರಿಯೂ ಪುಕ್ಕಟೆ ಅಲ್ಲ. ಸ್ವಂತ ಊರಿನ ಮೇಲೆ ನಿಂತ ನೆಲದ ಪಡೆಗೆ ದಿನಕ್ಕೆ 2 ಎಚ್‌ಪಿ ಬರುತ್ತದೆ, ಬೆಲೆಯ ಐದನೇ ಒಂದು ಪಾಲು ಖಾತೆಯಿಂದ ಹೋಗುತ್ತದೆ: ಟ್ಯಾಂಕಿಗೆ 1400, ಮೀಡಿಯಂ ಟ್ಯಾಂಕಿಗೆ 3200. ನಾಳೆ ಮೀಡಿಯಂ ಟ್ಯಾಂಕ್ ಕೊಳ್ಳುವ ಲೆಕ್ಕ ಹಾಕಿ ಮಲಗಿಸಿದ ಎರಡು ಟ್ಯಾಂಕುಗಳೇ ಬೆಳಿಗ್ಗೆ ಆ ದುಡ್ಡು ತಿಂದಿರುತ್ತವೆ. ಮೀಡಿಯಂ ಟ್ಯಾಂಕ್ ಬಗ್ಗೆ ನನ್ನ ಅಭಿಪ್ರಾಯ: ಅದು ಟ್ಯಾಂಕಿಗೆ 85 ಹೊಡೆದು 15 ತಿನ್ನುತ್ತದೆ ನಿಜ, ಆದರೆ ಅದಕ್ಕಾಗಿ ಎರಡು ದಿನ ಬೇರೆ ಕಾರ್ಖಾನೆಗಳು ಖಾಲಿ ಕೂರುವುದಾದರೆ ಬೇಡ.

ಸೇನಾಪತಿ ಬದಲಾದರೆ ಗಾಳದ ಅಂಕಿಯೂ ಬದಲಾಗುತ್ತದೆ. ಗ್ರಿಟ್‌ನ ಫಿರಂಗಿ ಒಂದು ಮನೆ ಹೆಚ್ಚು ದೂರ ಹೊಡೆಯುತ್ತದೆ, ಮ್ಯಾಕ್ಸ್‌ನದು ಒಂದು ಮನೆ ಕಡಿಮೆ. ಮ್ಯಾಕ್ಸ್ ಕೈಯಲ್ಲಿ ಈ ಗೋಡೆಯಾಟ ಆಡಲೇಬೇಡಿ, ಅವನಿಗೆ ಟ್ಯಾಂಕು ಕೊಡಿ. ಕಾನ್‌ಬೆಯ ಪಡೆ ಗಟ್ಟಿ, ಬೆಲೆ ಶೇ 20 ಹೆಚ್ಚು. ಅವನ ಕಾಲಾಳು ಗಾಳವಾಗಲು ದುಬಾರಿ. ಸ್ಯಾಮಿಯ ಕಾಲಾಳು ಒಂದೂವರೆ ಪಟ್ಟು ವೇಗವಾಗಿ ಊರು ಹಿಡಿಯುತ್ತಾನೆ. 10 ಎಚ್‌ಪಿಯಲ್ಲಿ ಅದರಿಂದ ಏನೂ ಲಾಭವಿಲ್ಲ, ಹೇಗೂ ಎರಡು ದಿನವೇ. ಪೆಟ್ಟು ತಿಂದು 7ಕ್ಕೆ ಇಳಿದರೂ ದಿನಕ್ಕೆ 10 ಇಳಿಸಿ ಎರಡೇ ದಿನದಲ್ಲಿ ಮುಗಿಸುತ್ತಾನಲ್ಲ, ಬೆಲೆ ಇರುವುದು ಅಲ್ಲಿ.

ಕಂಪ್ಯೂಟರ್ ಎದುರಾಳಿಗೆ ಎಪಿಸಿ ಕಂಡರೆ ತಡೆಯಲಾಗದು. ಪಕ್ಕದಲ್ಲಿ ಒಳ್ಳೆಯ ಬೇಟೆ ಇದ್ದರೂ ಖಾಲಿ ಎಪಿಸಿಯತ್ತ ತಿರುಗುತ್ತದೆ. ಕಾಲಾಳಿಗಿಂತ ದುಬಾರಿ ಗಾಳ, ಟ್ಯಾಂಕಿಗೆ ಹಾಕುವಂಥದ್ದಲ್ಲ; ಬಾಂಬರನ್ನು ನನ್ನ ಆಂಟಿ-ಏರ್ ಹತ್ತಿರಕ್ಕೆ ಎಳೆಯಬೇಕಾದಾಗ ಮಾತ್ರ. ಮನುಷ್ಯರ ಎದುರು ಇದು ನಡೆಯದು, ಅವರು ಗೋಡೆ ಕಂಡ ಕೂಡಲೇ ತಮ್ಮ ಫಿರಂಗಿ ತರುತ್ತಾರೆ. ಆಗ ಮೂರು ಮನೆಯ ಅಂಚಿಗೆ ಯಾರು ಮೊದಲು ಕಾಲಿಡುತ್ತಾರೋ ಅವರು ಪೆಟ್ಟು ತಿನ್ನುತ್ತಾರೆ. ನಾನು ಅಲ್ಲಿ ಕಾಯುತ್ತಾ ಇನ್ನೊಂದು ಬದಿಯಿಂದ ಹೆಲಿಕಾಪ್ಟರ್ ತರುತ್ತೇನೆ.

ಆಟ ಕೊಡುವ ಅತ್ಯುನ್ನತ ದರ್ಜೆಯಾದ ಎಸ್ ರ್‍ಯಾಂಕ್ ಬೇಕಾದವರು ಮಾತ್ರ ದುಡ್ಡಿನ ಲೆಕ್ಕವನ್ನು ಒಂದು ಕಡೆ ಬಿಡಬೇಕು. ಅಲ್ಲಿ ವೇಗ, ಬಲ, ತಂತ್ರ ಎಂದು ಮೂರು ಅಂಕ, ತಲಾ 100. ತಂತ್ರದಲ್ಲಿ ಎಷ್ಟು ಘಟಕ ಸತ್ತವು ಅಂತ ನೋಡುತ್ತದೆಯೇ ಹೊರತು ಎಷ್ಟು ಬೆಲೆಯದು ಅಂತಲ್ಲ. ಸಾವಿರದ ಕಾಲಾಳೂ ಒಂದು, ಇಪ್ಪತ್ತೆರಡು ಸಾವಿರದ ಬಾಂಬರೂ ಒಂದು. ಗಾಳವಾಗಿ ನಿಂತು 4 ಎಚ್‌ಪಿ ಉಳಿದವನನ್ನು ಅಲ್ಲೇ ಸಾಯಲು ಬಿಡದೆ ಹಿಂದಿನ ಊರಿಗೆ ಕಳಿಸುತ್ತೇನೆ. ದಿನಕ್ಕೆ 200 ಖರ್ಚು, ಮೂರನೇ ಬೆಳಿಗ್ಗೆ ಅವನು ಮತ್ತೆ 10.