ಮಳೆ ಪುಸ್ತಕವೂ ಬ್ಲಾಗ್ ಆಗಬಹುದು: ತೋಟ, ಹೋಂಸ್ಟೇಯವರು ಗೂಗಲ್‌ನಲ್ಲಿ ಮೇಲೆ ಬರುವುದು ಹೇಗೆ?

ಗೂಗಲ್‌ನಲ್ಲಿ 'ಕೂರ್ಗ್ ಹೋಂಸ್ಟೇ' ಅಂತ ಹುಡುಕಿ ನೋಡಿ. ಮೊದಲು ಕಾಣುವುದು ದೊಡ್ಡ ಬುಕಿಂಗ್ ಕಂಪನಿಗಳ ಪುಟಗಳು. ಕಕ್ಕಬ್ಬೆಯಲ್ಲೋ ಗಾಳಿಬೀಡಿನಲ್ಲೋ ಮೂರು ಕೋಣೆ ಇಟ್ಟುಕೊಂಡವರ ವೆಬ್‌ಸೈಟ್ ಎಲ್ಲೋ ಹಿಂದೆ ಉಳಿದಿರುತ್ತದೆ. ಆ ಎರಡು ಪದಕ್ಕಾಗಿ ಅವರ ಜೊತೆ ಜಿದ್ದಿಗೆ ಬೀಳುವುದು ಬೇಡ. ಆದರೆ 'ಕೊಡಗಿನಲ್ಲಿ ಕಾಫಿ ಹೂ ಯಾವಾಗ ಅರಳುತ್ತದೆ' ಅಂತ ಹುಡುಕುವವರೂ ಇದ್ದಾರೆ. ಅದರ ಉತ್ತರ ಬುಕಿಂಗ್ ಕಂಪನಿಯ ಹತ್ತಿರ ಇಲ್ಲ, ನಿಮ್ಮ ತೋಟದಲ್ಲಿದೆ.

ಆ ಉತ್ತರವನ್ನು ನಿಮ್ಮ ವೆಬ್‌ಸೈಟ್‌ನ ಬ್ಲಾಗ್‌ನಲ್ಲಿ ಬರೆದಿಟ್ಟರೆ ಎರಡು ಲಾಭ. ಹುಡುಕಿದವರು ನೇರವಾಗಿ ನಿಮ್ಮಲ್ಲಿಗೆ ಬರುತ್ತಾರೆ. ಬೇರೆ ವೆಬ್‌ಸೈಟಿನವರು ನಿಮ್ಮ ಪುಟವನ್ನು ತೋರಿಸಿ ಲಿಂಕ್ ಕೊಡುತ್ತಾರೆ. ಎರಡನೆಯದರ ಬೆಲೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಲಿಂಕ್‌ಗೆ ಯಾಕಿಷ್ಟು ಬೆಲೆ? 1998ರಲ್ಲಿ ಗೂಗಲ್ ಶುರು ಮಾಡಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಪೇಜ್‌ರ‍್ಯಾಂಕ್ ಅನ್ನುವ ಲೆಕ್ಕ ಕಂಡುಕೊಂಡರು. ನಾಪೋಕ್ಲು ಪೇಟೆಯಲ್ಲಿ ನಿಂತು ಒಳ್ಳೆ ಕರಿಮೆಣಸಿನ ಬಳ್ಳಿ ಎಲ್ಲಿ ಸಿಗುತ್ತದೆ ಅಂತ ಕೇಳಿದಿರಿ ಅಂದುಕೊಳ್ಳಿ. ನಾಲ್ಕು ಜನ ಒಂದೇ ಮನೆ ಕಡೆ ಕೈ ತೋರಿಸಿದರೆ ನಂಬಿಕೆ ಬರುತ್ತದೆ. ಕೈ ತೋರಿಸಿದವರಲ್ಲಿ ಒಬ್ಬರು ಹೆಸರುವಾಸಿ ಬೆಳೆಗಾರರಾಗಿದ್ದರೆ ಇನ್ನೂ ಜಾಸ್ತಿ. ಲಿಂಕ್ ಅಂದರೆ ಹೀಗೆ ಕೈ ತೋರಿಸುವುದು. ಇವತ್ತು ಗೂಗಲ್ ಇನ್ನೂ ಹತ್ತಾರು ವಿಷಯ ನೋಡುತ್ತದೆ, ಆದರೆ ಲಿಂಕನ್ನು ಬಿಟ್ಟಿಲ್ಲ.

ಮೊದಲ ಹೆಜ್ಜೆ: ಬ್ಲಾಗ್ ನಿಮ್ಮ ಜಾಗದಲ್ಲೇ ಇರಲಿ

ನಿಮ್ಮ ಸ್ವಂತ ಡೊಮೈನ್‌ನಲ್ಲೇ (ನಿಮ್ಮ ಹೆಸರಿನ ವೆಬ್ ವಿಳಾಸದಲ್ಲೇ), ಬುಕಿಂಗ್ ಪುಟ ಇರುವ ವೆಬ್‌ಸೈಟ್‌ನಲ್ಲೇ ಒಂದು ಬ್ಲಾಗ್ ವಿಭಾಗ ಮಾಡಿ. ಪುಕ್ಕಟೆ ಸಿಗುತ್ತದೆ ಅಂತ ಇನ್ನೊಬ್ಬರ ವಿಳಾಸದಲ್ಲಿ ಬರೆದರೆ ಬರುವ ಲಿಂಕ್‌ಗಳೆಲ್ಲ ಆ ವಿಳಾಸಕ್ಕೇ ಹೋಗುತ್ತವೆ. ಇನ್‌ಸ್ಟಾಗ್ರಾಂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಹಾಕಿದ್ದು ಎರಡು ದಿನಕ್ಕೆ ಕೆಳಗೆ ಹೋಗುತ್ತದೆ. ಬ್ಲಾಗ್ ಪುಟ ವರ್ಷಗಟ್ಟಲೆ ಒಂದೇ ಕಡೆ ನಿಂತಿರುತ್ತದೆ.

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ವೆಬ್‌ಸೈಟ್ ನಿಮ್ಮದೇ ಅಂತ ದೃಢಪಡಿಸಿ, ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿ) ಸಲ್ಲಿಸಿ. ಇದಕ್ಕೆ ದುಡ್ಡಿಲ್ಲ. ಜನ ಯಾವ ಪದ ಹಾಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ, ಇದರ 16 ತಿಂಗಳ ಲೆಕ್ಕ ಅಲ್ಲಿ ಸಿಗುತ್ತದೆ. ಯಾರು ಲಿಂಕ್ ಕೊಟ್ಟಿದ್ದಾರೆ ಅನ್ನುವ ಪಟ್ಟಿಯೂ ಅಲ್ಲೇ ಇದೆ.

ಎರಡನೇ ಹೆಜ್ಜೆ: ಫೋನ್‌ನಲ್ಲಿ ಕೇಳಿದ್ದನ್ನು ಬರೆದಿಡಿ

ಸೋಮವಾರಪೇಟೆ ಕಡೆಯ ಗೆಳತಿಯೊಬ್ಬಳು ಹೋದ ವರ್ಷ ಫೋನ್ ಮಾಡಿದ್ದಳು. "ಅಕ್ಕ, ನಂಗೆ ಬರೆಯೋಕೆ ಬರಲ್ಲ. ಏನು ಬರೀಲಿ?"

"ನಿನ್ನೆ ಬುಕ್ ಮಾಡೋರು ಫೋನ್‌ನಲ್ಲಿ ಏನು ಕೇಳಿದ್ರು?"

"ಜುಲೈನಲ್ಲಿ ಜಿಗಣೆ ಜಾಸ್ತಿನಾ ಅಂದ್ರು."

"ಅದನ್ನೇ ಬರಿ."

ಅವಳು ಬರೆದಳು. ಯಾವ ತಿಂಗಳಲ್ಲಿ ಜಿಗಣೆ ಇರುತ್ತದೆ, ಎಂಥ ಶೂ ಹಾಕಬೇಕು, ತೋಟದ ಕೆಲಸದವರು ಕಾಲಿಗೆ ಏನು ಹಚ್ಚಿಕೊಳ್ಳುತ್ತಾರೆ, ಕಚ್ಚಿದರೆ ಏನು ಮಾಡಬೇಕು. ಮಕ್ಕಳನ್ನು ಕರೆದುಕೊಂಡು ಬರುವವರು ಹೆದರದೆ ಇರುವ ಹಾಗೆ ಬರೆದಿದ್ದಾಳೆ. ಅವಳ ವೆಬ್‌ಸೈಟ್‌ನಲ್ಲಿ ಇವತ್ತಿಗೂ ಅತಿ ಹೆಚ್ಚು ಓದಿಸಿಕೊಳ್ಳುವ ಪುಟ ಅದೇ.

ಒಂದು ವಾರ ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿ. ಮಾಂದಲ್‌ಪಟ್ಟಿಗೆ ನಮ್ಮ ಕಾರು ಹತ್ತುತ್ತಾ? ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ಎಷ್ಟು ಜನ ಇರುತ್ತಾರೆ? ಕಾಚಂಪುಳಿ ಅಂದರೆ ಏನು, ಮನೆಗೆ ಒಯ್ದರೆ ಎಷ್ಟು ದಿನ ಇರುತ್ತದೆ? ಒಂದೊಂದು ಪ್ರಶ್ನೆಗೂ ಒಂದೊಂದು ಪುಟ. ಕೇಳಿದವರ ಮಾತಲ್ಲೇ ತಲೆಬರಹ ಕೊಡಿ. ಮೊದಲ ಮೂರು ಸಾಲಿನಲ್ಲೇ ಉತ್ತರ ಹೇಳಿಬಿಡಿ, ವಿವರ ಆಮೇಲೆ. ಕೊಡಗು, ಕೂರ್ಗ್ ಎರಡೂ ಹೆಸರು ಬರೆಯಿರಿ. ಜನ ಎರಡರಲ್ಲೂ ಹುಡುಕುತ್ತಾರೆ.

ಮೂರನೇ ಹೆಜ್ಜೆ: ಬೇರೆ ಎಲ್ಲೂ ಸಿಗದ ಒಂದು ಪುಟ

ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಲಿಂಕ್ ತರುವ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

'ಮಡಿಕೇರಿಯಲ್ಲಿ ನೋಡಬೇಕಾದ ಹತ್ತು ಜಾಗಗಳು' ಅಂತ ಬರೆದರೆ ಯಾರೂ ಲಿಂಕ್ ಕೊಡುವುದಿಲ್ಲ. ಅಬ್ಬಿ ಜಲಪಾತ, ರಾಜಾ ಸೀಟ್, ದುಬಾರೆ. ಅದು ಎಲ್ಲ ಕಡೆಯೂ ಇದೆ. ಇನ್ನೊಬ್ಬರು ನಿಮ್ಮ ಪುಟವನ್ನು ತೋರಿಸಬೇಕಾದರೆ, ಆ ವಿಷಯಕ್ಕೆ ನಿಮ್ಮನ್ನು ಬಿಟ್ಟರೆ ಗತಿ ಇಲ್ಲ ಅನ್ನುವ ಹಾಗಿರಬೇಕು. ಅಂಥದ್ದು ನಮ್ಮ ಹತ್ತಿರ ಏನಿದೆ?

ಮಳೆ ಪುಸ್ತಕ ಇದೆ.

ಕೊಡಗಿನ ಹಳೆ ತೋಟಗಳಲ್ಲಿ ಮಳೆ ಅಳೆದು ಬರೆದಿಡುವುದು ಪದ್ಧತಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಕಣದ ಪಕ್ಕದ ಮಾಪಕದ ನೀರನ್ನು ಗಾಜಿನ ಅಳತೆ ಕೊಳವೆಗೆ ಸುರಿದು ನೋಡುತ್ತೇವೆ. 1 ಇಂಚು 20 ಸೆಂಟ್ (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್), ಪುಸ್ತಕಕ್ಕೆ ಹೋಯಿತು. ಅಪ್ಪ ಇದ್ದಾಗ ಅಪ್ಪ, ಅವರಿಲ್ಲದ ದಿನ ತೋಟದ ಲೆಕ್ಕ ಬರೆಯುವ ರೈಟರ್. ಪುಸ್ತಕದ ಮೂಲೆಗಳೆಲ್ಲ ತೇವಕ್ಕೆ ಉಬ್ಬಿವೆ, ಕೆಲವು ಪುಟಗಳಲ್ಲಿ ಶಾಯಿ ಹರಡಿದೆ. ಅಂಕಿ ಮಾತ್ರ ಇವತ್ತಿಗೂ ಓದಬಹುದು.

ಅದನ್ನೇ ಬ್ಲಾಗ್‌ಗೆ ಹಾಕಿದೆ. ಪುಟದ ಫೋಟೊ ತೆಗೆದು ಹಾಕಿದರೆ ಸಾಲದು. ಕುಳಿತು ಟೈಪ್ ಮಾಡಬೇಕು. ತಿಂಗಳ ಪ್ರಕಾರ ಒಂದು ಕೋಷ್ಟಕ, ವರ್ಷದ ಮೊತ್ತ ಕೊನೆಗೆ. ನಮಗೆ ಇಂಚು-ಸೆಂಟ್ ಅಭ್ಯಾಸ, ಆದರೆ ಪತ್ರಿಕೆಯವರಿಗೂ ವಿದ್ಯಾರ್ಥಿಗಳಿಗೂ ಮಿಲಿಮೀಟರ್ ಬೇಕು. ಒಂದು ಇಂಚು ಅಂದರೆ 25.4 ಮಿ.ಮೀ. ಹಾಗಾಗಿ 1 ಇಂಚು 20 ಸೆಂಟ್ ಪಕ್ಕದಲ್ಲಿ 30.5 ಮಿ.ಮೀ. ಅಂತಲೂ ಬರೆದೆ. ಯಾವ ಊರು, ದಿನಾ ಎಷ್ಟು ಗಂಟೆಗೆ ಅಳೆಯುತ್ತೇವೆ, ಯಾವ ದಿನಗಳ ಲೆಕ್ಕ ಇಲ್ಲ, ಅದನ್ನೂ ಹೇಳಿದೆ. ಬಿಟ್ಟುಹೋದ ದಿನಕ್ಕೆ ಅಂದಾಜು ಅಂಕಿ ತುಂಬಲಿಲ್ಲ. ಖಾಲಿ ಇದ್ದರೆ ಖಾಲಿ ಅಂತಲೇ ಇದೆ. ನಂಬಿ ಲಿಂಕ್ ಕೊಡುವವರಿಗೆ ಅದು ಬಹಳ ಮುಖ್ಯ.

ಮೊದಲ ಲಿಂಕ್ ಬಂದಿದ್ದು ಏಳು ತಿಂಗಳಾದ ಮೇಲೆ. ಕಾಲೇಜು ಹುಡುಗನೊಬ್ಬ ತನ್ನ ಪ್ರಾಜೆಕ್ಟ್ ಪುಟದಲ್ಲಿ 2018ರ ಆಗಸ್ಟ್ ಮಳೆಯ ಬಗ್ಗೆ ಬರೆಯುತ್ತಾ ನಮ್ಮ ಕೋಷ್ಟಕ ತೋರಿಸಿದ್ದ. ಆ ಆಗಸ್ಟ್‌ನಲ್ಲಿ ಬೆಟ್ಟಗಳು ಜರಿದಿದ್ದನ್ನು ನಾವ್ಯಾರೂ ಮರೆಯುವ ಹಾಗಿಲ್ಲ. ಆ ದಿನಗಳ ಅಂಕಿ ಇನ್ನೊಬ್ಬರ ಕೆಲಸಕ್ಕೆ ಬಂತಲ್ಲ ಅಂತ ನನಗೆ ಗಂಟಲು ಕಟ್ಟಿತು.

ಮಳೆ ಪುಸ್ತಕ ಇಲ್ಲದವರು ಬೇಸರ ಮಾಡಿಕೊಳ್ಳಬೇಡಿ. ಕಾಫಿ ಹೂವಿನ ಪುಟ ಮಾಡಿ. ಫೆಬ್ರವರಿ-ಮಾರ್ಚ್‌ನಲ್ಲಿ ಹೂ ಮಳೆ ಬಿದ್ದು, ಇಲ್ಲವೇ ಸ್ಪ್ರಿಂಕ್ಲರ್ ಹಾಕಿ, ಸುಮಾರು ಒಂದು ವಾರದಿಂದ ಹತ್ತು ದಿನಕ್ಕೆ ರೊಬಸ್ಟಾ ಬೆಳ್ಳಗೆ ಅರಳುತ್ತದೆ. ಮೂರು-ನಾಲ್ಕು ದಿನದಲ್ಲಿ ಮುಗಿದೂ ಹೋಗುತ್ತದೆ. ಬೆಂಗಳೂರಿನಿಂದ ಅದನ್ನೇ ನೋಡಲು ಬರುವವರಿಗೆ ತಾರೀಖು ಬೇಕು. ಈ ವರ್ಷ ಯಾವ ದಿನ ಮಳೆ ಬಿತ್ತು, ಯಾವ ದಿನ ಅರಳಿತು ಅಂತ ಫೋಟೊ ಸಮೇತ ಬರೆಯುತ್ತಾ ಹೋಗಿ. ಪ್ರತಿ ವರ್ಷ ಹೊಸ ಪುಟ ಮಾಡಬೇಡಿ. ಅದೇ ವಿಳಾಸದಲ್ಲಿ ಹೊಸ ವರ್ಷವನ್ನು ಮೇಲೆ ಸೇರಿಸಿ, ಹಳೆಯದನ್ನು ಕೆಳಗೆ ಉಳಿಸಿ. ಆಗ ಬಂದ ಲಿಂಕ್‌ಗಳೆಲ್ಲ ಒಂದೇ ಕಡೆ ಸೇರುತ್ತವೆ.

ಕಾಫಿ ಮಾರುವವರಿಗೆ ಇನ್ನೊಂದು ದಾರಿ ಇದೆ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಹಣ್ಣು ಕೊಯ್ದ ದಿನದಿಂದ ಪಲ್ಪರ್ (ಸಿಪ್ಪೆ ಬಿಡಿಸುವ ಯಂತ್ರ), ಕಣ, ಪಾರ್ಚ್‌ಮೆಂಟ್ (ಹೊಟ್ಟಿರುವ ಒಣ ಬೀಜ) ದಾಟಿ ಪುಡಿಯಾಗುವ ತನಕ ನಿಮ್ಮ ತೋಟದ ಫೋಟೊಗಳಲ್ಲೇ ತೋರಿಸಿದರೆ, ಕಾಫಿ ಬಗ್ಗೆ ಬರೆಯುವವರು ತಾವಾಗೇ ಲಿಂಕ್ ಮಾಡುತ್ತಾರೆ.

ನಾಲ್ಕನೇ ಹೆಜ್ಜೆ: ಪುಟವನ್ನು ಸರಿಯಾಗಿ ಕಟ್ಟುವುದು

ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಗೂಗಲ್‌ಗೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇರಲಿ. ಕನ್ನಡ ಅಕ್ಷರದ ವಿಳಾಸವನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಉದ್ದನೆಯ ಸರಮಾಲೆ ಆಗುತ್ತದೆ. ಅದನ್ನು ನೋಡಿ ಜನ ಒತ್ತಲು ಹೆದರುತ್ತಾರೆ.

ಫೋಟೊ ನಿಮ್ಮದೇ ಇರಲಿ. ನಾಲ್ಕು ಎಂಬಿಯದ್ದನ್ನು ಹಾಗೇ ಏರಿಸಬೇಡಿ, ಇನ್ನೂರು ಕೆಬಿ ಹತ್ತಿರ ಇಳಿಸಿ. ನಮ್ಮೂರ ಸಿಗ್ನಲ್ ನಿಮಗೆ ಗೊತ್ತೇ ಇದೆಯಲ್ವಾ? ಫೋಟೊದಲ್ಲಿ ಏನಿದೆ ಅಂತ ಆಲ್ಟ್ ಪಠ್ಯದಲ್ಲಿ ಒಂದು ಸಾಲು ಬರೆಯಿರಿ. ನಿಮ್ಮ ಪುಟಗಳನ್ನು ಒಂದಕ್ಕೊಂದು ಜೋಡಿಸಿ. ಜೋಡಿಸುವಾಗ 'ಇಲ್ಲಿ ಒತ್ತಿ' ಅನ್ನುವ ಬದಲು 'ಕಾಫಿ ಹೂ ಅರಳಿದ ದಿನಗಳು' ಅಂತ ವಿಷಯವನ್ನೇ ಬರೆದು ಲಿಂಕ್ ಕೊಡಿ. ಮಳೆ ಪುಟದಿಂದ ಕೋಣೆ ಬುಕ್ ಮಾಡುವ ಪುಟಕ್ಕೂ ಒಂದು ದಾರಿ ಇರಲಿ. ವಿಳಾಸ ಬದಲಾಯಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಹಳೆ ವಿಳಾಸಕ್ಕೆ ಬಂದವರನ್ನು ತಾನಾಗೇ ಹೊಸದಕ್ಕೆ ಕಳಿಸುವ ವ್ಯವಸ್ಥೆ) ಹಾಕಿಸಿ. ಇಲ್ಲದಿದ್ದರೆ ಬಂದ ಲಿಂಕ್‌ಗಳು ಮುಚ್ಚಿದ ಗೇಟಿಗೆ ಬಂದು ನಿಂತ ಹಾಗಾಗುತ್ತದೆ.

ಐದನೇ ಹೆಜ್ಜೆ: ಹೇಳಿಕೊಳ್ಳಿ, ಕೇಳಿ

ಬರೆದು ಸುಮ್ನೆ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ನೀವೇ ಬೇರೆಯವರಿಗೆ ಲಿಂಕ್ ಕೊಡಿ. ಕಾಫಿ ಮಂಡಳಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಹಕ್ಕಿ ನೋಡುವ ನೆರೆಯವರ ಪುಟ, ಊರಿನ ಜೇನು ಮಾರುವವರ ಪುಟ. ಓದುಗರಿಗೆ ಉಪಯೋಗ ಆಗುತ್ತದೆ, ನೀವು ಇದ್ದೀರಿ ಅಂತ ಅವರಿಗೂ ತಿಳಿಯುತ್ತದೆ.

ಆಮೇಲೆ ನಿಮ್ಮ ತೋಟದ ಹೆಸರನ್ನು ಆಗಾಗ ಗೂಗಲ್‌ನಲ್ಲಿ ಹುಡುಕಿ. ಯಾರಾದರೂ ಹೆಸರು ಹೇಳಿ ಲಿಂಕ್ ಕೊಟ್ಟಿಲ್ಲದಿದ್ದರೆ ಹೀಗೆ ಬರೆಯಬಹುದು:

"ನಮಸ್ಕಾರ. ನಿಮ್ಮ ಲೇಖನದಲ್ಲಿ ನಮ್ಮ ತೋಟದ ಮಳೆ ಲೆಕ್ಕ ಬಳಸಿದ್ದು ನೋಡಿ ಖುಷಿಯಾಯಿತು. ಹಿಂದಿನ ವರ್ಷಗಳ ಅಂಕಿಗಳೂ ಈ ಪುಟದಲ್ಲಿವೆ. ನಿಮ್ಮ ಓದುಗರಿಗೆ ಬೇಕಾಗಬಹುದು ಅನ್ನಿಸಿದರೆ ಇದರ ಲಿಂಕ್ ಸೇರಿಸುತ್ತೀರಾ?"

ಇಷ್ಟೇ ಸಾಕು. ಹೊಗಳಿಕೆ ಬೇಡ, ಎರಡು ಸಲಕ್ಕಿಂತ ಜಾಸ್ತಿ ಕೇಳುವುದೂ ಬೇಡ.

ಲಿಂಕ್ ಕೊಳ್ಳಬೇಡಿ

ನಾನು ಕೊಂಡು ಕೆಟ್ಟವಳು. ವೆಬ್‌ಸೈಟ್ ಶುರು ಮಾಡಿದ ವರ್ಷ ಒಬ್ಬ ಏಜೆಂಟ್ ಫೋನ್ ಮಾಡಿ, ಒಂದು ತಿಂಗಳಲ್ಲಿ ಐನೂರು ಲಿಂಕ್ ಹಾಕಿಸುತ್ತೇನೆ ಅಂದ. ದುಡ್ಡು ಕಳಿಸಿದೆ. ಲಿಂಕ್ ಬಂದವು, ನೋಡಿದರೆ ಎಲ್ಲ ಜೂಜಿನ, ಔಷಧಿ ಮಾರುವ ಪುಟಗಳು. ಸರ್ಚ್ ಕನ್ಸೋಲ್‌ನಲ್ಲಿ ಅಸಹಜ ಲಿಂಕ್‌ಗಳ ಬಗ್ಗೆ ಎಚ್ಚರಿಕೆ ಬಂತು. ನಮ್ಮ ಪುಟಗಳು ಹುಡುಕಾಟದಿಂದ ಹೆಚ್ಚುಕಡಿಮೆ ಮಾಯವಾದವು. ಒಂದೊಂದನ್ನೇ ಪಟ್ಟಿ ಮಾಡಿ, ತೆಗೆಸಲು ಆದದ್ದನ್ನು ತೆಗೆಸಿ, ಉಳಿದದ್ದನ್ನು ಡಿಸ್‌ಅವೌ ಮಾಡಿ (ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಗೂಗಲ್‌ಗೆ ತಿಳಿಸಿ), ಮರುಪರಿಶೀಲನೆಗೆ ಅರ್ಜಿ ಹಾಕುವಷ್ಟರಲ್ಲಿ ಒಂದು ಸೀಸನ್ ಹೋಯಿತು.

ಗೂಗಲ್ 2012ರ ಏಪ್ರಿಲ್‌ನಲ್ಲೇ ಪೆಂಗ್ವಿನ್ ಅನ್ನುವ ಬದಲಾವಣೆ ತಂದು ಇಂಥ ಲಿಂಕ್‌ಗಳ ಮೇಲೆ ಕಣ್ಣಿಟ್ಟಿತ್ತು. ನನಗೆ ಗೊತ್ತಿರಲಿಲ್ಲ. ನಿಮಗಾದರೂ ಗೊತ್ತಿರಲಿ ಅಂತ ಹೇಳುತ್ತಿದ್ದೇನೆ.

ಹೋಂಸ್ಟೇಯವರು ಗಮನಿಸಬೇಕಾದ ಇನ್ನೊಂದು ವಿಷಯ ಇದೆ. ಎರಡು ದಿನ ಪುಕ್ಕಟೆ ಉಳಿಸಿ, ಊಟ ಹಾಕಿ, ಅದಕ್ಕೆ ಬದಲಾಗಿ ಲಿಂಕ್ ಹಾಕಿಸಿಕೊಂಡರೆ ಅದೂ ದುಡ್ಡು ಕೊಟ್ಟ ಲಿಂಕೇ. ಅಂಥ ಲಿಂಕ್‌ಗೆ 'ಸ್ಪಾನ್ಸರ್ಡ್' ಅನ್ನುವ ಗುರುತು ಹಾಕಬೇಕು. ಗೂಗಲ್ ಆ ಗುರುತನ್ನು 2019ರಲ್ಲಿ ತಂದಿದೆ. ಬಂದವರು ಇಷ್ಟಪಟ್ಟು ಬರೆದರೆ ಬರೆಯಲಿ, ಲಿಂಕ್ ಬೇಕೇ ಬೇಕು ಅಂತ ಷರತ್ತು ಹಾಕಬೇಡಿ.

ಯಾವಾಗ ಬರೆಯಬೇಕು?

ಹುಡುಕುವ ಕಾಲಕ್ಕಿಂತ ಮುಂಚೆ. ಹೊಸ ಪುಟ ಗೂಗಲ್‌ಗೆ ಸಿಕ್ಕಿ, ಅದಕ್ಕೆ ಒಂದು ಸ್ಥಾನ ಆಗಲು ವಾರಗಳು, ಕೆಲವು ಸಲ ತಿಂಗಳುಗಳೇ ಹಿಡಿಯುತ್ತವೆ. ಕಾಫಿ ಹೂವಿನ ಪುಟ ಡಿಸೆಂಬರ್‌ನಲ್ಲೇ ತಯಾರಿರಲಿ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಪುಟ ಸೆಪ್ಟೆಂಬರ್‌ಗೆ. ಕಕ್ಕಡ 18 (ಮದ್ದುಸೊಪ್ಪು ತಿನ್ನುವ ದಿನ) ಬರುವುದು ಆಗಸ್ಟ್ ಮೊದಲ ವಾರದಲ್ಲಿ. ಮದ್ದುಸೊಪ್ಪಿನ ಪಾಯಸ ಮಾಡುವುದು ಹೇಗೆ, ಆ ನೇರಳೆ ಬಣ್ಣ ಎಲ್ಲಿಂದ ಬರುತ್ತದೆ, ಬೆಂಗಳೂರಲ್ಲಿ ಸೊಪ್ಪು ಸಿಗುತ್ತಾ ಅಂತ ಹೊರ ಊರಿನಲ್ಲಿರುವ ನಮ್ಮ ಮಕ್ಕಳೇ ಹುಡುಕುತ್ತಾರೆ. ಅಮ್ಮ ಸೊಪ್ಪು ಬೇಯಿಸುವಾಗ ಪಕ್ಕದಲ್ಲಿ ನಿಂತು ಫೋಟೊ ತೆಗೆದುಕೊಳ್ಳಿ, ಅಳತೆ ಕೇಳಿ ಬರೆದುಕೊಳ್ಳಿ. ಈ ವರ್ಷ ತೆಗೆದ ಫೋಟೊ ಮುಂದಿನ ವರ್ಷದ ಪುಟಕ್ಕೆ. ಆ ಪುಟವನ್ನು ಮೇ ತಿಂಗಳಲ್ಲೇ ಹಾಕಿಬಿಡಿ. ಜೂನ್ ಮಳೆ ಹಿಡಿದರೆ ಕರೆಂಟ್ ಇರುವುದಿಲ್ಲ.